ಹಳಿಯ ಆಚೆ, ಈಚೆ

ಮುಂಬಯಿಗೆ ಹೊಸದಾಗಿ ಬಂದವನಿಗೆ ಈ ಊರು ಕೇಳುವ ಮೊದಲ ಪ್ರಶ್ನೆ "ಹೆಸರೇನು?" ಎಂಬುದಲ್ಲ, "ಈಸ್ಟೋ, ವೆಸ್ಟೋ?" ಎಂಬುದು. ಬಾಡಿಗೆಯ ಮನೆ ಹುಡುಕುವಾಗ, ಮದುವೆಯ ಕರೆಯೋಲೆ ಓದುವಾಗ, ಡಾಕ್ಟರ ವಿಳಾಸ ಬರೆದುಕೊಳ್ಳುವಾಗ ಈ ಒಂದು ಮಾತನ್ನು ಮರೆತರೆ ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ನಾನು ಬಂದ ಮೊದಲ ತಿಂಗಳಲ್ಲಿಯೇ ಪರಿಚಯದವರೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆಂದು ಹೊರಟೆ. ಹಳಿಯ ಈಚೆ ಇಳಿದು, ಹಳಿಯ ಆಚೆ ಇರುವ ಬೀದಿಯ ಹೆಸರನ್ನು ಕಂಡಕಂಡವರನ್ನು ಕೇಳುತ್ತ ಒಂದು ಗಂಟೆ ಅಲೆದೆ. ಮನೆ ಮುಟ್ಟುವ ಹೊತ್ತಿಗೆ ಸಪಾದಭಕ್ಷ್ಯ ಮುಗಿದು ಪಾತ್ರೆ ತೊಳೆಯುತ್ತಿದ್ದರು. ಒಂದೇ ಹೆಸರಿನ ಸ್ಟೇಷನ್ನಿಗೆ ಎರಡು ಊರುಗಳಿರುತ್ತವೆಂಬ ಜ್ಞಾನ ನನಗೆ ಹೀಗೆ ಹಸಿವಿನ ಮೂಲಕ ಬಂತು.

ನಮ್ಮೂರು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ಅಲ್ಲಿಯೂ ರೈಲಿನ ಹಳಿ ಉಂಟು. ಈಚೆ ಊರು, ಆಚೆ ಹೊಲ, ನಡುವೆ ಗೇಟು. ಗಾಡಿ ಬರುವ ಹೊತ್ತಿಗೆ ಗೇಟು ಬಿದ್ದಿತೆಂದರೆ ಎರಡೂ ಬದಿಗೆ ಎತ್ತಿನ ಬಂಡಿ, ಟ್ರ್ಯಾಕ್ಟರು, ಸೈಕಲ್ಲು, ಬುತ್ತಿ ಹೊತ್ತ ಹೆಂಗಸರು ಎಲ್ಲ ನಿಲ್ಲಬೇಕು. ನಿಂತವರು ಸುಮ್ಮನಿದ್ದಾರೆಯೆ? ಯಾರ ಎಮ್ಮೆ ಈಯಿತು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಈ ಸಲ ಹತ್ತಿಗೆ ಏನು ಧಾರಣಿ, ಎಲ್ಲ ಅಲ್ಲಿಯೇ ತಿಳಿಯುತ್ತಿತ್ತು. ಗೇಟ್‌ಮನ್ ಕಾಕಾನ ಕಲ್ಲುಬೆಂಚು ಊರಿನ ಎರಡನೆಯ ಚಾವಡಿ. ಊರನ್ನು ಕಡಿದ ಹಳಿಯೇ ಹತ್ತು ನಿಮಿಷ ಜನರನ್ನು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡುವಂತೆ ಮಾಡುತ್ತಿತ್ತು.

ಮುಂಬಯಿಯಲ್ಲಿ ಇದಕ್ಕೆ ತಿರುಗುಮುರುಗು. ಇಲ್ಲಿ ಎರಡು ಬದಿಗಳನ್ನು ಕೂಡಿಸುವುದಕ್ಕೆಂದು ನೂರಾರು ಬ್ರಿಜ್ಜುಗಳಿವೆ. ಆದರೆ ಅವುಗಳ ಮೇಲೆ ನಿಲ್ಲುವಂತಿಲ್ಲ. ನಿಂತರೆ ಹಿಂದಿನವನು ನೂಕುತ್ತಾನೆ. ದಾಟಿಸುವುದು ಬೇರೆ, ಕೂಡಿಸುವುದು ಬೇರೆ. ಈ ಭೇದ ನನಗೆ ತಿಳಿಯಲು ಹಲವು ವರ್ಷ ಹಿಡಿಯಿತು. ತಿಳಿಸಿದವಳು ನಮ್ಮ ಅವ್ವ. ಆ ಕತೆಯನ್ನು ಹೇಳುವ ಮುನ್ನ ಈ ಹಳಿಗಳ ವಿಷಯ ನಾಲ್ಕು ಮಾತು.

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ 21 ಮೈಲಿ ದೂರ ಮೊದಲ ಗಾಡಿ ಓಡಿತಷ್ಟೆ. ಅದು ಜಿ. ಐ. ಪಿ. ಕಂಪನಿಯದು. ಇನ್ನೊಂದು ಕಂಪನಿ, ಬಿ. ಬಿ. ಅಂಡ್ ಸಿ. ಐ., ಪಶ್ಚಿಮದ ಕಡಲಿನ ಬದಿಗೆ ತನ್ನದೇ ಹಳಿ ಹಾಕಿ 1867ರಲ್ಲಿ ವಿರಾರಿನ ಕಡೆಯಿಂದ ಜನರನ್ನು ತರತೊಡಗಿತು. ಊರು ಉದ್ದಕ್ಕೆ ಚಾಚಿದ ನೆಲದ ಪಟ್ಟಿ. ಹಳಿಗಳೂ ಉದ್ದಕ್ಕೇ ಹೋದವು. ಪರೇಲ್, ದಾದರ್, ಮಾಟುಂಗಾಗಳಲ್ಲಿ ಈ ಎರಡು ಹಳಿಗಳು ಪಾಲಾದ ಅಣ್ಣತಮ್ಮಂದಿರ ಮನೆಗಳಂತೆ ಒಂದರ ಪಕ್ಕ ಒಂದು ಇವೆ. ಆದರೆ ಒಲೆ ಬೇರೆ, ಬಾಗಿಲು ಬೇರೆ. ಅಲ್ಲಿ ಪರೇಲ್, ಇಲ್ಲಿ ಎಲ್ಫಿನ್‌ಸ್ಟನ್ ರೋಡ್. ಅಲ್ಲಿ ಮಾಟುಂಗಾ, ಇಲ್ಲಿ ಮಾಟುಂಗಾ ರೋಡ್. ಕಂಪನಿಗಳು ಹೋಗಿ ಸರ್ಕಾರದ ಸೆಂಟ್ರಲ್ ರೈಲ್ವೆ, ವೆಸ್ಟರ್ನ್ ರೈಲ್ವೆಗಳು ಬಂದರೂ ಪಾಲು ಪಾಲೇ.

ಹೀಗಾಗಿ ಈ ಊರಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರು ಹೋಗುವುದು ಸುಲಭ. ಪೂರ್ವದಿಂದ ಪಶ್ಚಿಮಕ್ಕೆ ಮುನ್ನೂರು ಹೆಜ್ಜೆ ಇಡುವುದು ಕಷ್ಟ. ಊರನ್ನು ಅಡ್ಡಲಾಗಿ ದಾಟಿಸುವುದಕ್ಕೆಂದೇ ವರ್ಸೋವಾದಿಂದ ಘಾಟ್‌ಕೋಪರಿಗೆ 11.4 ಕಿಲೋಮೀಟರಿನ ಮೆಟ್ರೋ ತೆರೆದದ್ದು 2014ರ ಜೂನ್ 8ರಂದು. ಮೊದಲ ರೈಲಿಗೂ ಅದಕ್ಕೂ ನಡುವೆ 161 ವರ್ಷ! ಬ್ರಿಜ್ಜಿನ ಮೆಟ್ಟಲು ದೂರವೆಂದು ಹಳಿಯನ್ನೇ ದಾಟಲು ಹೋಗಿ ಪ್ರಾಣ ಕಳೆದುಕೊಳ್ಳುವವರು ಇಂದಿಗೂ ಇದ್ದಾರೆ. ಈಚಿನ ವರ್ಷಗಳಲ್ಲಿಯೂ ಈ ಉಪನಗರದ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅವರಲ್ಲಿ ಬಹಳ ಮಂದಿ ಹೀಗೆ ದಾಟಹೋದವರು. 2010ರಲ್ಲಿ ವಡಾಲಾದಲ್ಲಿ ಒಂದು ಉಪಾಯ ಮಾಡಿ ನೋಡಿದರು: ಬರುವ ಗಾಡಿಯ ವೇಗ ಕಣ್ಣಿಗೆ ತಿಳಿಯಲೆಂದು ಹಳಿಯಡಿಯ ಕೆಲವು ಸ್ಲೀಪರುಗಳಿಗೆ ಹಳದಿ ಬಣ್ಣ ಬಳಿದರು, ಗಾಡಿಗೆ ಸಿಕ್ಕುವ ಮನುಷ್ಯನ ಭಯದ ಮುಖದ ಚಿತ್ರಗಳನ್ನು ನಿಲ್ಲಿಸಿದರು. ಒಳ್ಳೆಯ ಉಪಾಯವೇ. ಆದರೆ ಹೆದರಿಸಿ ತಡೆದವನಿಗೆ ಸುಲಭವಾದ ಇನ್ನೊಂದು ದಾರಿಯನ್ನೂ ಕೊಡಬೇಕಲ್ಲವೆ?

ಈಗ ಮಾಟುಂಗಾಕ್ಕೆ ಬನ್ನಿ. ನಮ್ಮ ಓದುಗರಲ್ಲಿ ಮಾಟುಂಗಾ ತಿಳಿಯದವರು ವಿರಳ. ಆದರೂ ಒಮ್ಮೆ ನನ್ನ ಜತೆ ನಡೆಯಿರಿ. ನನ್ನ ವಸತಿ ಅಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಲ್ಲಿಂದ ಬಸ್ಸು ಹಿಡಿದು ಕಿಂಗ್ಸ್ ಸರ್ಕಲ್ಲಿನಲ್ಲಿ ಇಳಿದರೆ ಗಾಳಿಯೇ ಬದಲಾಗುತ್ತದೆ. ಮಲ್ಲಿಗೆಯ ದಂಡೆ, ವೀಳ್ಯದೆಲೆ, ಬಾಳೆಯ ಎಲೆ, ಹುರಿದ ಕಾಫಿ ಬೀಜದ ಕಂಪು. ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ನಮ್ಮ ಮೈಸೂರು ಅಸೋಸಿಯೇಷನ್. ಸ್ಟೇಷನ್ನಿನ ಎದುರಿಗೆ 1942ರಿಂದ ಎಲೆ ಹಾಕಿ ಬಡಿಸುತ್ತ ಬಂದ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಸ್ಟೇಷನ್ನಿನ ಒಳಗೆ ಕಾಲಿಟ್ಟರೆ ಟಿಕೆಟು ಕೊಡುವವರು, ಪರೀಕ್ಷಿಸುವವರು, ಮೇಲ್ವಿಚಾರಕರು ಎಲ್ಲ ಹೆಂಗಸರು. 2017ರ ಜುಲೈಯಲ್ಲಿ ಇಡೀ ಸ್ಟೇಷನ್ನನ್ನು ಮಹಿಳೆಯರ ಕೈಗೆ ಒಪ್ಪಿಸಿದ್ದು ದೇಶದಲ್ಲಿಯೇ ಇಲ್ಲಿ ಮೊದಲು.

ಇಲ್ಲಿಂದ ಪಶ್ಚಿಮಕ್ಕೆ ದಾಟಲು ಇರುವುದು "ಝೆಡ್ ಬ್ರಿಜ್". ಇಂಗ್ಲಿಷಿನ ಕೊನೆಯ ಅಕ್ಷರದ ಹಾಗೆ ತಿರುಗಿಕೊಂಡು ಹೋಗುವುದರಿಂದ ಆ ಹೆಸರು. ಸೆಂಟ್ರಲ್ಲಿನ ಹಳಿ, ವೆಸ್ಟರ್ನಿನ ಹಳಿ, ಎರಡನ್ನೂ ದಾಟಿಸಿ ಇದು ನಮ್ಮನ್ನು ಮಾಟುಂಗಾ ರೋಡಿನ ಬದಿಗೆ ಇಳಿಸುತ್ತದೆ. ಮೇಲೆ ನಿಂತು ನೋಡಿದರೆ ಕೆಳಗೆ ಹೊಳೆಯುವ ಹಳಿಗಳ ಜಡೆ, ಒಂದನ್ನೊಂದು ಹಿಂದೆ ಹಾಕುವ ಗಾಡಿಗಳು, ಮಳೆಗಾಲದಲ್ಲಿ ಹಳಿಯಂಚಿಗೆ ಹಸಿರು. ಇಳಿದು ಸ್ವಲ್ಪ ನಡೆದರೆ ಮೊಗಲ್ ಲೇನಿನಲ್ಲಿ 1933ರಲ್ಲಿ ಸ್ಥಾಪನೆಯಾದ ಕರ್ನಾಟಕ ಸಂಘ, ವಿಶ್ವೇಶ್ವರಯ್ಯನವರ ಹೆಸರಿನ ಸಭಾಗೃಹ.

ಒಂದು ವಿಚಿತ್ರ ನೋಡಿರಿ. ಎರಡೂ ಹಿರಿಯ ಸಂಸ್ಥೆಗಳು, ಎರಡೂ ಕನ್ನಡದವು, ಕಾಲ್ನಡಿಗೆಯ ದೂರ. ಆದರೂ ಪೂರ್ವದ ಎಷ್ಟೋ ಮನೆಗಳವರು ಈಚೆಯ ಕಾರ್ಯಕ್ರಮಕ್ಕೆ, ಪಶ್ಚಿಮದವರು ಆಚೆಯದಕ್ಕೆ ಬರುವುದಿಲ್ಲ. ಕೇಳಿದರೆ, "ಏನು ಮಾಡುವುದು, ಹಳಿ ದಾಟಬೇಕಲ್ಲ!" ಎನ್ನುತ್ತಾರೆ. ಹುಬ್ಬಳ್ಳಿಯಿಂದ ಮುಂಬಯಿಗೆ ರಾತ್ರಿಯೆಲ್ಲ ಕುಳಿತು ಬಂದವರಿಗೆ ನಲವತ್ತು ಮೆಟ್ಟಲು ಪರದೇಶವಾಯಿತು.

ನಕ್ಕವನು ನಾನೇ, ಆ ಪರದೇಶ ನಮ್ಮ ಮನೆಗೇ ಬಂತು. ಅಪ್ಪ ತೀರಿದ ಮೇಲೆ ಅವ್ವ ಊರಿನ ಮನೆಗೆ ಬೀಗ ಹಾಕಿ ನನ್ನಲ್ಲಿಗೆ ಬಂದಳು. ಈ ಊರಿನಲ್ಲಿ ಅವಳಿಗೆ ಒಂದೇ ಆಸೆ, ಒಂದೇ ಆಸರೆ: ಅವಳ ಅಕ್ಕ, ನನ್ನ ದೊಡ್ಡವ್ವ. ಆಕೆ ಮದುವೆಯಾಗಿ ಬಂದಾಗಿನಿಂದ ಮಾಟುಂಗಾದ ಪಶ್ಚಿಮಕ್ಕೆ ಒಂದು ಹಳೆಯ ಚಾಳಿನಲ್ಲಿ ಇದ್ದವಳು. ಮೊದಲ ವರ್ಷ ಅಕ್ಕತಂಗಿಯರು ವಾರಕ್ಕೊಮ್ಮೆ ಬ್ರಿಜ್ಜು ದಾಟಿ ಒಬ್ಬರಲ್ಲಿಗೆ ಒಬ್ಬರು ಹೋಗಿ ಬರುತ್ತಿದ್ದರು. ಆಮೇಲೆ ಅವ್ವನಿಗೆ ಮೊಣಕಾಲು ಹಿಡಿಯಿತು, ದೊಡ್ಡವ್ವನಿಗೆ ಉಬ್ಬಸ ಹೆಚ್ಚಿತು. ಒಂದು ದಿನ ಅವ್ವ ಅರ್ಧ ಮೆಟ್ಟಲಿಗೆ ಕಂಬಿ ಹಿಡಿದು ನಿಂತುಬಿಟ್ಟಳು.

"ಯಪ್ಪಾ, ಇದೇನ್ ಬ್ರಿಜ್ಜೋ, ಯಲ್ಲಮ್ಮನ ಗುಡ್ಡೋ? ಗುಡ್ಡಾ ಏರಿದ್ರ ತಾಯಿಯರ ಸಿಗತಾಳ!"

"ಇಲ್ಲಿ ಏರಿದ್ರ ಅಕ್ಕ ಸಿಗತಾಳ, ಬಾ ಅವ್ವಾ" ಎಂದೆ ನಾನು, ನಗಿಸುವುದಕ್ಕೆ.

ಅವ್ವ ನಗಲಿಲ್ಲ. ಕುಳಿತುಕೊಳ್ಳಲು ಅತ್ತಿತ್ತ ನೋಡಿದಳು. ಎಲ್ಲಿಯೂ ಒಂದು ಗೇಣು ಜಾಗವಿಲ್ಲ. ಹಿಂದಿನಿಂದ ಬರುತ್ತಿದ್ದವರು, "ಚಲಾ, ಚಲಾ, ಆಜೀ!" ಎಂದು ಅವಸರಿಸಿದರು. ಅವರದೇನೂ ತಪ್ಪಲ್ಲ, ಗಾಡಿ ತಪ್ಪುತ್ತಿತ್ತು. ಆ ದಿನ ನಾವು ಇಳಿದು ಮನೆಗೆ ಬಂದೆವು. ಟ್ಯಾಕ್ಸಿ ಮಾಡಬಹುದು, ಮಾಡಿದೆವು ಸಹ. ಆದರೆ ವಾರವಾರವೂ ಅದು ಗುಮಾಸ್ತನ ಕಿಸೆಗೆ ಭಾರ, ಅವ್ವನ ಮನಸ್ಸಿಗೆ ಇನ್ನೂ ಭಾರ. "ನನ್ನ ಸಲವಾಗಿ ರೊಕ್ಕಾ ಹಾಳ ಮಾಡಬ್ಯಾಡ" ಎಂದು ಬೇಡವೆಂದಳು. ಹೀಗೆ ಎರಡು ಕಿಲೋಮೀಟರಿನಷ್ಟರಲ್ಲಿ ಇದ್ದ ಅಕ್ಕತಂಗಿಯರು ಫೋನಿನಲ್ಲಿ ಮಾತಾಡಿಕೊಂಡು ತಿಂಗಳುಗಳನ್ನು ಕಳೆದರು.

ಅದೇ ಕಾಲದಲ್ಲಿ, 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಪರೇಲ್-ಎಲ್ಫಿನ್‌ಸ್ಟನ್ ರೋಡ್ ಬ್ರಿಜ್ಜಿನ ಅನಾಹುತ ನಡೆಯಿತು. ನನ್ನ ಕಚೇರಿ ಆಗ ಆ ಕಡೆಯೇ ಇತ್ತು. ಒಂದು ಗಂಟೆ ಮೊದಲು ಅದೇ ಮೆಟ್ಟಲು ಇಳಿದು ನಾನು ಹೋಗಿದ್ದೆ. ನಾಳೆ ದಸರಾ, ಜನ ಹೂವಿನ ಮೂಟೆ ಹೊತ್ತಿದ್ದರು. ಒಮ್ಮೆಲೆ ಮಳೆ ಬಂತು. ಇಳಿಯಬೇಕಾದವರು ನೆನೆಯಬಾರದೆಂದು ಮೆಟ್ಟಲ ಬಳಿ ನಿಂತರು. ಹಿಂದಿನಿಂದ ಗಾಡಿಯ ಮೇಲೆ ಗಾಡಿ ಜನರನ್ನು ತಂದು ಸುರಿಯಿತು. "ಫೂಲ್ ಗಿರ್ ಗಯಾ", ಹೂ ಬಿತ್ತು ಎಂದು ಯಾರೋ ಕೂಗಿದ್ದು "ಪುಲ್ ಗಿರ್ ಗಯಾ", ಬ್ರಿಜ್ಜು ಬಿತ್ತು ಎಂದು ಕೇಳಿಸಿತೆಂದು ಬದುಕಿ ಬಂದವರು ಹೇಳಿದರು. 23 ಜನ ಸತ್ತರು. ನನ್ನ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತ ಆ ದಿನ ಕಚೇರಿಯಲ್ಲಿ ಕುಳಿತಿದ್ದೆವು. ಸಂಜೆ ಮನೆಗೆ ಹೋದಾಗ ಅವ್ವ ಏನೂ ಕೇಳಲಿಲ್ಲ; ಬಾಗಿಲಲ್ಲಿ ನಿಂತು ನನ್ನ ಎರಡೂ ತೋಳು ಮುಟ್ಟಿ ನೋಡಿದಳು.

ಆ ಬ್ರಿಜ್ಜು ಇದ್ದದ್ದು ಗಿರಣಗಾವಿನಲ್ಲಿ, ಎಂದರೆ ಬಟ್ಟೆಯ ಗಿರಣಿಗಳ ಊರಿನಲ್ಲಿ. ಗಿರಣಿಯ ಕೆಲಸಗಾರರು ಹೆಚ್ಚಾಗಿ ಹತ್ತಿರದ ಚಾಳುಗಳಿಂದ ನಡೆದೇ ಬರುತ್ತಿದ್ದರು. 1982ರಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರವಾಯಿತು. ಆಮೇಲೆ ಗಿರಣಿಗಳು ಒಂದೊಂದಾಗಿ ನಿಂತು, ಆ ನೆಲದ ಮೇಲೆ ಗಾಜಿನ ಕಚೇರಿಗಳು ಎದ್ದವು. ಕೆಲಸಕ್ಕೆ ಬರುವವರು ಈಗ ಕಲ್ಯಾಣ, ವಿರಾರುಗಳಿಂದ ಗಾಡಿಯಲ್ಲಿ ಬರತೊಡಗಿದರು. ಮೇಲೆ ಕಟ್ಟಡ ಬೆಳೆಯಿತು, ಕೆಳಗೆ ಮೆಟ್ಟಲು ಬೆಳೆಯಲಿಲ್ಲ. ಸೇನೆಯ ಇಂಜಿನಿಯರುಗಳು ಬಂದು ಕಟ್ಟಿದ ಹೊಸ ಬ್ರಿಜ್ಜು 2018ರ ಫೆಬ್ರವರಿಯಲ್ಲಿ ತೆರೆಯಿತು. ಅದೇ ವರ್ಷ ಎಲ್ಫಿನ್‌ಸ್ಟನ್ ರೋಡ್ ಎಂಬ ಹೆಸರು ಹೋಗಿ ಪ್ರಭಾದೇವಿ ಆಯಿತು.

ಬ್ರಿಜ್ಜನ್ನು ನೀರಿನ ಕೊಳವೆಯಂತೆ ಎಣಿಸಿದರೆ ಹೀಗೆಯೇ. ಒಂದು ಬಾಯಿಂದ ಸುರಿ, ಇನ್ನೊಂದು ಬಾಯಿಂದ ಹರಿ; ಒಂದು ಹೂವಿನ ಮೂಟೆ ಬಿದ್ದರೆ ತೀರಿತು. ಮಳೆ ಬಂದಾಗ ನಿಲ್ಲುವುದು, ದಣಿದಾಗ ಕೂಡುವುದು ಮನುಷ್ಯರಿಗೆ ಸಹಜ. ಆ ಸಹಜಕ್ಕೆ ಒಂದಿಷ್ಟು ಜಾಗ ಬಿಟ್ಟು ಕಟ್ಟಿದರೆ ಮಾತ್ರ ಅದು ಮನುಷ್ಯರ ದಾರಿ.

ಕಟ್ಟಿದ್ದಿಲ್ಲವೆಂದಲ್ಲ. 2008ರಲ್ಲಿ ಬಾಂದ್ರಾದ ಪೂರ್ವಕ್ಕೆ ಊರಿನ ಮೊದಲ ಸ್ಕೈವಾಕ್ ತೆರೆಯಿತು. ಆಮೇಲೆ ಹತ್ತಾರು ಕಡೆ ಅಂಥವು ಎದ್ದವು. ಸ್ಟೇಷನ್ನಿನಿಂದ ಹೊರಟವನು ನೆಲ ಮುಟ್ಟದೆ ಜನರ ತಲೆಯ ಮೇಲೆಯೇ ನಡೆದು ಹೋಗಬಹುದು. ಆದರೆ ಜನಕ್ಕೆ ಬೇಕಾದ ತರಕಾರಿ, ಚಹಾ, ಬಸ್ಸು ಎಲ್ಲ ಕೆಳಗೆ! ಹೀಗಾಗಿ ಬಹಳ ಮಂದಿ ಕೆಳಗೆಯೇ ನಡೆದರು. ಮೇಲೆ ಕೆಲವೆಡೆ ನಾಯಿಗಳು ನೆರಳಿಗೆ ಮಲಗಿದವು. ಅಂಧೇರಿಯ ಕತೆ ಇನ್ನೂ ಸ್ವಾರಸ್ಯದ್ದು. ಅಲ್ಲಿಯ ಗೋಖಲೆ ಬ್ರಿಜ್ಜಿನ ಕಾಲುದಾರಿ 2018ರ ಜುಲೈ 3ರಂದು ಹಳಿಯ ಮೇಲೆ ಕುಸಿಯಿತು. 2022ರ ನವೆಂಬರಿನಲ್ಲಿ ಬ್ರಿಜ್ಜನ್ನೇ ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಹೊಸದರ ಅರ್ಧ ಭಾಗ ತೆರೆದಾಗ ನೋಡುತ್ತಾರೆ, ಅದಕ್ಕೆ ಕೂಡಬೇಕಾಗಿದ್ದ ಪಕ್ಕದ ಫ್ಲೈಓವರು ಒಂದಾಳಿನಷ್ಟು ಕೆಳಗೆ! ಎರಡೂ ಎದುರುಬದುರು ನಿಂತು ಒಂದನ್ನೊಂದು ನೋಡಿದವು. ಆಮೇಲೆ ಜಾಕು ಕೊಟ್ಟು ಎತ್ತಿ, ಜುಲೈ ಹೊತ್ತಿಗೆ ಕೂಡಿಸಿದರು. ನಮ್ಮ ಕಚೇರಿಯಲ್ಲಿಯೂ ಎರಡು ವಿಭಾಗಗಳ ಕಡತಗಳು ಹೀಗೆ ಎದುರುಬದುರು ನಿಲ್ಲುವುದುಂಟು. ಆದ್ದರಿಂದ ನಾನು ಹೆಚ್ಚು ನಗಲಾರೆ.

ಇನ್ನು ಅವ್ವನ ಕತೆಗೆ ಬರುತ್ತೇನೆ. ಪರೇಲಿನ ಅನಾಹುತವಾದ ಕೆಲವು ತಿಂಗಳಿಗೆ ದೊಡ್ಡವ್ವನ ಮೊಮ್ಮಗ ಒಂದು ಯುಕ್ತಿ ಹೇಳಿದ. "ಕಾಕಾ, ನಿಮ್ಮ ಮನೀನೂ ಬ್ಯಾಡ, ನಮ್ಮ ಮನೀನೂ ಬ್ಯಾಡ. ದಾದರಿನ್ಯಾಗ ಕೂಡಸೂಣು." ದಾದರಿನಲ್ಲಿ ಎಸ್ಕಲೇಟರೂ ಉಂಟು, ಲಿಫ್ಟೂ ಉಂಟು; ಬಸ್ಸು ಎರಡು ಬದಿಗೂ ಬರುತ್ತದೆ. ಅವನು ಅಜ್ಜಿಯನ್ನು ಪಶ್ಚಿಮದಿಂದ ತಂದ, ನಾನು ಅವ್ವನನ್ನು ಪೂರ್ವದಿಂದ ಕರೆದೊಯ್ದೆ. ಓಡುವ ಮೆಟ್ಟಲನ್ನು ಕಂಡು ಅವ್ವ ಮೊದಲು ಹೆದರಿ, ಕಾಲುಂಗುರ ಸಿಕ್ಕೀತೆಂದು ಸೆರಗು ಸೊಂಟಕ್ಕೆ ಕಟ್ಟಿ, "ಯಲ್ಲವ್ವಾ!" ಎಂದು ಕಾಲಿಟ್ಟಳು. ಎರಡು ರೈಲ್ವೆಗಳ ನಡುವೆ, ಸೆಂಟ್ರಲ್ಲಿನ ಒಂದನೆಯ ಪ್ಲಾಟ್‌ಫಾರ್ಮಿನ ಮೇಲೆ ಒಂದು ಬೆಂಚು. ಭಾನುವಾರ ಹನ್ನೊಂದರ ಹೊತ್ತು, ಗದ್ದಲ ಕಡಿಮೆ. ಅಕ್ಕತಂಗಿಯರು ಅಲ್ಲಿ ಕುಳಿತರು.

ಪ್ಲಾಟ್‌ಫಾರ್ಮ್ ಟಿಕೆಟಿಗೆ ಹತ್ತು ರೂಪಾಯಿ. ಅವಧಿ ಎರಡು ಗಂಟೆ. ಗಾಡಿ ಹತ್ತಿ ಮುಂದಿನ ಸ್ಟೇಷನ್ನಿಗೆ ಹೋಗುವ ಟಿಕೆಟಿಗೆ ಐದೇ ರೂಪಾಯಿ. ಹೋಗುವವನಿಗೆ ಐದು, ಕೂಡುವವನಿಗೆ ಹತ್ತು! ಈ ಲೆಕ್ಕ ನನ್ನ ಗುಮಾಸ್ತಬುದ್ಧಿಗೆ ಈಗಲೂ ಹೊಂದಿಲ್ಲ. ಹೇಗೂ ಇರಲಿ, ಆ ಹತ್ತು ರೂಪಾಯಿಯ ಎರಡು ಗಂಟೆಗಳಿಗೆ ಅವರು ವಾರವೆಲ್ಲ ಕಾದಿರುತ್ತಿದ್ದರು. ಒಬ್ಬಳು ಚಟ್ನಿಪುಡಿ ತಂದರೆ ಇನ್ನೊಬ್ಬಳು ಖಡಕ್ ರೊಟ್ಟಿ. ಗಾಡಿಯ ಸದ್ದಿಗೆ ಮಾತು ನಿಲ್ಲಿಸುವುದು, ಗಾಡಿ ಹೋದೊಡನೆ ಬಿಟ್ಟಲ್ಲಿಂದ ಹಿಡಿಯುವುದು. ನನಗೆ ನಮ್ಮೂರಿನ ಗೇಟ್‌ಮನ್ ಕಾಕಾನ ಕಲ್ಲುಬೆಂಚು ನೆನಪಾಯಿತು.

ಬೆಂಚು ಅವರಿಬ್ಬರದೇ ಆಗಿ ಉಳಿಯಲಿಲ್ಲ. ವಸಯಿಯ ಕಡೆಯಿಂದ ನಸುಕಿನಲ್ಲಿ ಹೂ ತಂದು ದಾದರಿನ ಸಂತೆಯಲ್ಲಿ ಮಾರಿ, ತಂಗಿಯ ಮನೆಗೆಂದು ಸೆಂಟ್ರಲ್ಲಿನ ಗಾಡಿ ಕಾಯುವ ಒಬ್ಬ ಮರಾಠಿ ಹೆಂಗಸು ಬುಟ್ಟಿ ಇಳಿಸಿ ಕುಳಿತಳು. ಧಾರಾವಿಯ ಒಬ್ಬ ತಮಿಳು ಅಜ್ಜಿ, ಮೊಮ್ಮಗ ಟ್ಯೂಷನ್ನಿನಿಂದ ಬರುವವರೆಗೆ ಅಲ್ಲಿಯೇ ಕೂಡುವವಳು. ಅವ್ವನಿಗೆ ಮರಾಠಿ ಅರ್ಧ, ತಮಿಳು ಸೊನ್ನೆ. ಆದರೂ ಉಳಿದ ನಾಲ್ಕು ಎಸಳು ಸೇವಂತಿಗೆ ಅವ್ವನ ಕೈಗೆ ಬಂತು, ಅವ್ವನ ಚಟ್ನಿಪುಡಿ ಧಾರಾವಿಗೆ ಹೋಯಿತು. ಯಾವ ಏಕತಾ ಸಮಿತಿಯೂ ಮಾಡದ ಕೆಲಸವನ್ನು ಐದಡಿಯ ಒಂದು ಬೆಂಚು ಮಾಡಿತು.

2020ರ ಮಾರ್ಚಿನಲ್ಲಿ ರೋಗ ಬಂದು ಗಾಡಿಗಳು ನಿಂತವು. ಮೊದಲು ಅಗತ್ಯದ ಕೆಲಸದವರನ್ನಷ್ಟೆ ಹತ್ತಿಸಿಕೊಂಡರು. ನಾನು ಹತ್ತಬಹುದು, ಅವ್ವ ಹತ್ತುವಂತಿಲ್ಲ. ಅಕ್ಟೋಬರ್ 21ರಿಂದ ಹೆಂಗಸರಿಗೆಲ್ಲ ಅಪ್ಪಣೆಯಾಯಿತು. ಸೋಂಕು ಇನ್ನೂ ಇದ್ದುದರಿಂದ ನಾವು ಬೇಡವೆಂದೆವು. ದೀಪಾವಳಿಯ ಮುಂದೆ ಅವ್ವ ಕೇಳದೆ ಹೊರಟಳು. ಏಳು ತಿಂಗಳ ಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡ ಇಬ್ಬರು ಮುದುಕಿಯರು ಬೆಂಚಿನ ಎರಡು ತುದಿಗೆ ಕುಳಿತು, ಮಾತೇ ಆಡದೆ ಅರ್ಧ ಗಂಟೆ ಒಬ್ಬರನ್ನೊಬ್ಬರು ನೋಡಿದರು.

2023ರ ಮಳೆಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಇನ್ನು ಅವ್ವ ದಾದರಿಗೆ ಬರಲಾರಳೆಂದು ನಾನು ಎಣಿಸಿದ್ದೆ. ತಿಂಗಳು ಕಳೆದ ಮೇಲೆ ಒಂದು ಭಾನುವಾರ ತಾನಾಗಿಯೇ ಸೀರೆ ಬದಲಿಸಿ ನಿಂತಳು: "ಹೂವಿನಾಕಿ ದಾರಿ ನೋಡ್ತಿರತಾಳ, ನಡಿ." ಈಗಲೂ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ಆ ವರ್ಷ ಪ್ಲಾಟ್‌ಫಾರ್ಮನ್ನು ಅಗಲ ಮಾಡಿದರು. ಡಿಸೆಂಬರ್ 9ರಿಂದ ದಾದರಿನ ಎರಡೂ ರೈಲ್ವೆಗಳ ಪ್ಲಾಟ್‌ಫಾರ್ಮುಗಳಿಗೆ ಒಂದೇ ಸಾಲಿನ ಅಂಕಿ ಬಂತು: ವೆಸ್ಟರ್ನಿನವು 1ರಿಂದ 7, ಸೆಂಟ್ರಲ್ಲಿನವು 8ರಿಂದ 14. ಅದುವರೆಗೆ ಎರಡು ಕಡೆಯೂ ಒಂದನೆಯ ನಂಬರು ಇದ್ದು ಹೊಸಬರು ಎಷ್ಟು ಗಾಡಿ ತಪ್ಪಿಸಿಕೊಂಡರೋ! ಬರೀ ಬಣ್ಣದ ಡಬ್ಬಿ, ಕುಂಚಗಳ ಕೆಲಸ. ಪಾಲಾದ ಮನೆಗೆ ಒಂದೇ ಲೆಕ್ಕ ಬರಲು ನೂರೈವತ್ತು ವರ್ಷ ಬೇಕಾಯಿತು. ಅವ್ವನ ಬೆಂಚು ಈಗ ಎಂಟನೆಯ ನಂಬರಿನಲ್ಲಿದೆ.

ನಾನು ಇಂಜಿನಿಯರನಲ್ಲ, ಬಿ. ಎ. ಓದಿ ಕಡತ ತಿರುವುವವನು. ಆದರೆ ಸ್ಟೇಷನ್ನು ಕಟ್ಟುವವರು ಕೇಳಿದರೆ ಇಷ್ಟು ಹೇಳೇನು: ಮೆಟ್ಟಲ ತಲೆಯಲ್ಲಿ ನಾಲ್ಕು ಜನ ನಿಲ್ಲುವಷ್ಟು ಮೂಲೆ ಬಿಡಿ. ಮಳೆಗೆ ಸೂರು ಮೆಟ್ಟಲಿನ ಕೊನೆಯವರೆಗೂ ಬರಲಿ. ಲಿಫ್ಟು ಹುಡುಕುವಂತಿರದೆ ಕಣ್ಣಿಗೆ ಬೀಳುವಂತಿರಲಿ. ಹೂವಿನವಳಿಗೆ ಬುಟ್ಟಿ ಇಳಿಸಲು ದಾರಿಗೆ ಅಡ್ಡವಾಗದ ಒಂದು ಕಟ್ಟೆ ಇರಲಿ. ಎರಡೂ ಬದಿಯ ಜನಕ್ಕೆ ನಡುವಿನ ಜಾಗ ತಮ್ಮದೆನಿಸಲಿ.

ಸಂಘದ ಬಂಧುಗಳಿಗೂ ಒಂದು ಮಾತು. ಬ್ರಿಜ್ಜು ಕಟ್ಟುವುದು ರೈಲ್ವೆಯ ಕೆಲಸ, ದಾಟುವುದು ನಮ್ಮ ಕೆಲಸ. ಮುಂದಿನ ಕಾರ್ಯಕ್ರಮದ ಕರೆಯೋಲೆಯಲ್ಲಿ ಈಸ್ಟೋ ವೆಸ್ಟೋ ಎಂದು ನೋಡಿ ಕೆಳಗಿಡುವ ಮುನ್ನ, ಆಚೆಯ ಬದಿಯಲ್ಲಿ ಮೆಟ್ಟಲು ಇಳಿಯಲಾರದ ಹಿರಿಯರೊಬ್ಬರು ಯಾರಾದರೂ ಬಂದಾರೆಂದು ಕುಳಿತಿರಬಹುದೆಂದು ನೆನೆಯಿರಿ. ಅಷ್ಟರಲ್ಲಿ ಯಾವುದಾದರೂ ಭಾನುವಾರ ದಾದರಿಗೆ ಬಂದರೆ ಎಂಟನೆಯ ಪ್ಲಾಟ್‌ಫಾರ್ಮಿಗೆ ಬನ್ನಿ. ಬಿಳಿಯ ಕೂದಲಿನ, ಇಳಕಲ್ ಸೀರೆಯ ಒಬ್ಬಾಕೆ ಬೆಂಚಿನ ಮೇಲೆ ಕುಳಿತಿದ್ದರೆ ಕನ್ನಡದಲ್ಲಿ ಮಾತಾಡಿಸಿರಿ. ಸರಿದು ಜಾಗ ಕೊಡುತ್ತಾಳೆ.